ಉಳಿತಾಯವಲ್ಲ, ಸಾಲ

ಒಂದೇ ಸರ್ವರಿನೊಳಗೆ ಓಡುವ ಹತ್ತಾರು ವರ್ಚುವಲ್ ಮಷೀನುಗಳ ಡಿಸ್ಕುಗಳನ್ನು 'ಥಿಕ್'ನಿಂದ 'ಥಿನ್'ಗೆ ಬದಲಿಸಿ ಜಾಗ ಉಳಿಸಿದೆವು ಎಂದು ಬೀಗುವ ಕಡತಗಳನ್ನು ಪುಣೆಯಲ್ಲಿ ಕೂತು ಅನುವಾದಿಸುವುದು ನನ್ನ ಹೊಟ್ಟೆಪಾಡು. ನನ್ನ ತಕರಾರು 'ಉಳಿಸಿದೆವು' ಎಂಬ ಆ ಕ್ರಿಯಾಪದದ ಮೇಲೆ.

100 ಜಿಬಿ ಡಿಸ್ಕಿನಲ್ಲಿ ಡೇಟಾ ಇರುವುದು 20 ಜಿಬಿ ಅನ್ನಿ. ಥಿಕ್ ಆದರೆ ನೂರನ್ನೂ ಮೊದಲೇ ಹಿಡಿದಿಡುತ್ತದೆ. ಥಿನ್ ಬರೆದಷ್ಟನ್ನೇ ಹಿಡಿಯುತ್ತದೆ, ಆದರೆ ಮಷೀನಿಗೆ ನೂರು ಇದೆ ಎಂದೇ ಹೇಳುತ್ತದೆ. ಬದಲಾಯಿಸಬೇಡಿ ಎನ್ನುತ್ತಿಲ್ಲ, ಖಾಲಿ ಜಾಗಕ್ಕೆಂದು ಹೊಸ ಡಿಸ್ಕ್ ಕೊಳ್ಳುವುದು ದಂಡವೇ. ಆದರೆ ಮಿಕ್ಕ 80 ಜಿಬಿ ಕೊಟ್ಟ ಮಾತು. ಅದನ್ನೇ ಇನ್ನೈದು ಮಷೀನುಗಳಿಗೂ ಕೊಟ್ಟರೆ ಸಾಲ. ಸೊಸೈಟಿಯ ಎಲ್ಲ ಫ್ಲ್ಯಾಟಿನವರೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ಏನಾಗುತ್ತದೆಂದು ಪುಣೆಯವರನ್ನು ಕೇಳಿ. ನೀರಿಗಾದರೆ ಟ್ಯಾಂಕರ್ ಬರುತ್ತದೆ. ಡೇಟಾಸ್ಟೋರ್ ತುಂಬಿದರೆ ಬರೆಯಹೊರಟ ಮಷೀನುಗಳು ನಿಂತಲ್ಲೇ ನಿಲ್ಲುತ್ತವೆ.

ಒಳಗೆ ಫೈಲ್ ಅಳಿಸಿದ ಮಾತ್ರಕ್ಕೆ ಹೊರಗೆ ಜಾಗ ಮರಳುವುದೂ ಇಲ್ಲ. ಅಳಿಸಿದ ಸುದ್ದಿಯನ್ನು ಟ್ರಿಮ್ ಅಥವಾ ಅನ್‌ಮ್ಯಾಪ್ ಕೆಳಗೆ ಮುಟ್ಟಿಸಬೇಕು. (ಕೈಪಿಡಿಗಳಲ್ಲಿ ಇದು ಅಡಿಟಿಪ್ಪಣಿ!)

2023ರ ಆಗಸ್ಟ್‌ನಲ್ಲಿ ಜಪಾನಿನಲ್ಲಿ ಟೊಯೋಟಾದ 14 ಕಾರ್ಖಾನೆಗಳು ನಿಂತವು. ಕಂಪನಿಯೇ ಕೊಟ್ಟ ಕಾರಣ: ನಿರ್ವಹಣೆಯ ವೇಳೆ ಡಿಸ್ಕಿನಲ್ಲಿ ಜಾಗ ಸಾಲಲಿಲ್ಲ, ಬದಲಿ ಸರ್ವರೂ ಅದೇ ವ್ಯವಸ್ಥೆಯಲ್ಲಿದ್ದುದರಿಂದ ಕೈಕೊಟ್ಟಿತು. ಅಲ್ಲಿ ಥಿನ್ ಡಿಸ್ಕಿತ್ತು ಎನ್ನುತ್ತಿಲ್ಲ. ಜಾಗ ಮುಗಿಯುವುದೆಂದರೆ ಎಷ್ಟು ದುಬಾರಿ ಎಂಬುದಷ್ಟೇ ನನ್ನ ಮಾತು.

'ಉಳಿತಾಯ'ದ ಕಾಲಮ್ಮಿನ ಪಕ್ಕದಲ್ಲಿ 'ಒಟ್ಟು ಎಷ್ಟು ಮಾತು ಕೊಟ್ಟಿದ್ದೇವೆ' ಎಂಬ ಕಾಲಂ ಇಲ್ಲದ ವರದಿಗೆ ಮ್ಯಾನೇಜರುಗಳು ಸಹಿ ಹಾಕಬಾರದು.