ಬ್ರಿಟನ್ನಿನ ಒಂದೇ ಸರೋವರದ ಬಸವನಹುಳು

ಮಿಕ್ಸಾಸ್ ಗ್ಲುಟಿನೋಸಾ ಎಂಬ ಬಸವನಹುಳು ಕಲ್ಲಿಗೆ ಅಂಟಿಕೊಂಡು ಕೂತರೆ ಲೋಳೆಯ ತೊಟ್ಟಿನಂತೆ ಕಾಣುತ್ತದೆ. ಅದರ ಚಿಪ್ಪು ಬಲು ತೆಳು. ಮೈಯ ಪಾರದರ್ಶಕ ಪೊರೆ ಆ ಚಿಪ್ಪನ್ನೂ ಹೊರಗಿನಿಂದ ಮುಚ್ಚಿಬಿಡುತ್ತದೆ. ಉತ್ತರ ಮತ್ತು ಮಧ್ಯ ಯುರೋಪಿನಲ್ಲಿ ಅಲ್ಲಲ್ಲಿ ಇರುವ, ಎಲ್ಲೆಡೆ ಕುಗ್ಗುತ್ತಿರುವ ಜೀವಿ ಇದು. ಬ್ರಿಟನ್ನಿನಲ್ಲಿ 1990ರ ದಶಕದ ಆರಂಭದಲ್ಲಿ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಕಂಡದ್ದೇ ಕೊನೆ, ಇನ್ನು ಮುಗಿಯಿತು ಎಂದುಕೊಂಡಿದ್ದರು. 1998ರಲ್ಲಿ ವೇಲ್ಸ್‌ನ ಟೆಗಿಡ್ ಸರೋವರದಲ್ಲಿ ಅದು ಮತ್ತೆ ಸಿಕ್ಕಿತು.

ಹಾಗಾದರೆ ಅದು ಅಳಿದಿತ್ತೇ? ಇಲ್ಲ, ನೋಡಬೇಕಾದ ಕಲ್ಲುಗಳನ್ನು ಯಾರೂ ಮಗುಚಿರಲಿಲ್ಲ. ಜೀವಿಗಳ ವ್ಯಾಪ್ತಿಯನ್ನು ತೋರಿಸುವ ನಕ್ಷೆಗಳೆಲ್ಲ ಸ್ವಲ್ಪಮಟ್ಟಿಗೆ ಹುಡುಕಿದವರ ಓಡಾಟದ ನಕ್ಷೆಗಳೇ. ಹಕ್ಕಿಗೆ, ಹುಲಿಗೆ ನೋಡುಗರು ಬೇಕಾದಷ್ಟು. ಚಳಿನೀರಿಗೆ ಕೈಯಿಟ್ಟು ಕಲ್ಲಿನ ಅಡಿ ತಡವುವವರು ಎಷ್ಟು ಜನ? ನಮ್ಮ ಪಶ್ಚಿಮ ಘಟ್ಟದ್ದೂ ಇದೇ ಪಾಡು. ಜಲಪಾತಗಳ ಎರಚಲಿನಲ್ಲಿ ಬಂಡೆ ಕಚ್ಚಿ ಬದುಕುವ ಕ್ರೆಮ್ನೊಕಾಂಕಸ್ ಬಸವನಹುಳುಗಳು 19ನೇ ಶತಮಾನದಿಂದಲೇ ವಿಜ್ಞಾನಕ್ಕೆ ಗೊತ್ತು; ಅದೇ ಕುಲದ, ಆಗುಂಬೆಯ ಹೆಸರು ಹೊತ್ತ ಪ್ರಭೇದಕ್ಕೆ ಹೆಸರು ಸಿಕ್ಕಿದ್ದು 2013ರಲ್ಲಿ.

ಆದರೆ ಈ ಮಾತನ್ನು ಎಳೆದಾಡಿ, ಎಲ್ಲೋ ಇರುತ್ತದೆ ಬಿಡಿ ಎಂದು ಕೈತೊಳೆದುಕೊಳ್ಳುವಂತಿಲ್ಲ. ಟೆಗಿಡ್‌ನ ಹುಳು ದಡದ ಹತ್ತಿರ, ಕಲ್ಲುಗಳ ಮೇಲಿನ ತೆಳು ಪಾಚಿ ಕೆರೆದು ತಿನ್ನುತ್ತದೆ. ಅದರ ಆಯುಸ್ಸು ಹೆಚ್ಚುಕಡಿಮೆ ಒಂದು ವರ್ಷ. ಲೆಕ್ಕ ಭಯಂಕರವಾಗಿರುವುದು ಇಲ್ಲೇ. ಆನೆಗೆ ಒಂದು ಬರಗಾಲ ಕಳೆದರೆ ಮುಂದಿನ ವರ್ಷಗಳಲ್ಲಿ ಮರಿ ಹಾಕುವ ಅವಕಾಶವಿದೆ. ಈ ಹುಳುವಿನ ಮೊಟ್ಟೆ ಒಂದು ವಸಂತದಲ್ಲಿ ಪೂರ್ತಿ ಕೆಟ್ಟರೆ ಮುಂದಿನ ವರ್ಷಕ್ಕೆ ತಾಯಿಗಳೇ ಇರುವುದಿಲ್ಲ. ಕೆಡಿಸುವ ಕಾರಣಗಳಿಗೂ ಕೊರತೆಯಿಲ್ಲ. ಸುತ್ತಲ ಹುಲ್ಲುಗಾವಲುಗಳ ಗೊಬ್ಬರ, ಊರಿನ ಕೊಳಚೆ ಎಲ್ಲ ಸೇರಿ ನೀರಿಗೆ ರಂಜಕ ತುಂಬುತ್ತವೆ. 1990ರ ದಶಕದಲ್ಲಿ ಆ ಸರೋವರದಲ್ಲಿ ನೀಲಿ-ಹಸಿರು ಪಾಚಿ ಉಕ್ಕಿತ್ತು. ಸರೋವರದಿಂದ ಹೊರಡುವ ಡೀ ನದಿಯ ಹರಿವನ್ನು ಹಿಡಿತದಲ್ಲಿಡಲು 1950ರ ದಶಕದಲ್ಲಿ ಕಟ್ಟಿದ ತೂಬುಗಳಿಂದ ನೀರಿನ ಮಟ್ಟವೂ ಮನುಷ್ಯರ ಅಗತ್ಯದಂತೆ ಏರಿಳಿಯುತ್ತದೆ. ದಡದಲ್ಲಿ ಬದುಕುವ ಜೀವಿಗೆ ಒಂದು ಅಡಿ ನೀರು ಇಳಿದರೂ ಸಣ್ಣ ಸಂಗತಿಯಲ್ಲ.

ಅಷ್ಟಾದರೂ ಒಂದು ಹುಳುವಿಗಾಗಿ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳುವವರಿದ್ದಾರೆ. ಕೇಳಲಿ, ನ್ಯಾಯವಾದ ಪ್ರಶ್ನೆಯೇ. ಹುಳುವಿನಿಂದ ನಮಗೇನು ಉಪಯೋಗ ಎಂದು ತೋರಿಸಲು ಹೊರಟರೆ ಸೋಲುತ್ತೇವೆ. ನನಗಂತೂ ಆ ವಾದದಲ್ಲಿ ನಂಬಿಕೆಯಿಲ್ಲ. ಹುಳುವಿಗೆ ಬೇಕಾದ ತಿಳಿನೀರು ಡೀ ನದಿಯ ನೀರು ಕುಡಿಯುವ ಊರುಗಳಿಗೂ ಬೇಕು ಎಂಬುದಷ್ಟು ನಿಜ, ಆದರೆ ಕುಡಿಯುವ ನೀರನ್ನು ಯಂತ್ರಗಳೂ ಶುದ್ಧ ಮಾಡಿಕೊಡುತ್ತವೆ. ಹಾಗಾಗಿ ಇನ್ನೊಬ್ಬರ ನೆಲೆಯನ್ನು ಕೆಡಿಸಿದವರೇ ಸರಿಪಡಿಸಬೇಕು ಎಂಬ ಸಾದಾ ನ್ಯಾಯದ ಮೇಲೆ ನಿಲ್ಲುವುದೇ ಮೇಲು.

ಅದೇ ಸರೋವರದ ಗ್ವಿನಿಯಾಡ್ ಮೀನನ್ನು ಉಳಿಸಲು ಅದರ ಮೊಟ್ಟೆಗಳನ್ನು 2000ದ ದಶಕದಲ್ಲಿ ಹತ್ತಿರದ ಅರೆನಿಗ್ ವಾವ್ರ್ ಸರೋವರಕ್ಕೆ ಒಯ್ದು ಬಿಟ್ಟರು. ಹುಳುವಿಗೂ ಎರಡನೆಯ ಮನೆ ಹುಡುಕಬಹುದು, ಹುಡುಕಲೇಬೇಕು ಕೂಡ. ಆದರೆ ಮೊದಲ ಮನೆಯ ಮೇಲ್ಗಡೆ ಗೊಬ್ಬರ ಹಾಕುವ ರೈತರೊಡನೆ ಮಾತಾಡದೆ, ಅವರಿಗಾಗುವ ನಷ್ಟಕ್ಕೆ ಹಣ ತೆಗೆದಿಡದೆ ಆ ಕೆಲಸಕ್ಕಿಳಿದರೆ ಅದು ಸ್ಥಳಾಂತರವಾದೀತೇ ಹೊರತು ಸಂರಕ್ಷಣೆಯಾಗದು.