ಸಂಬಳದ ಜೊತೆಗೇ ಕಲಿಕೆ

ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಎಂಜಿನಿಯರಿಂಗ್ ಮುಗಿಸಿ, ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಸ್ನಾತಕೋತ್ತರ ಪದವಿ ಪಡೆದ ನಮ್ಮ ಮಕ್ಕಳು ಡೇಟಾ ಎಂಜಿನಿಯರ್ ಕೆಲಸ ಕೇಳಿ ಹೋದರೆ ಎದುರಾಗುವ ಮೊದಲ ಪ್ರಶ್ನೆ, ‘ಲೋಕಲ್ ಎಕ್ಸ್‌ಪೀರಿಯನ್ಸ್ ಇದೆಯಾ?’ ಈ ಕೊರತೆ ತುಂಬಲು ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿಯ ಪ್ರೊಫೆಷನಲ್ ಇಯರ್ ಇದೆ. 44 ವಾರಗಳ ಆ ಕೋರ್ಸಿನಲ್ಲಿ 12 ವಾರ ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್, ಮುಂದೆ ಕಾಯಂ ವೀಸಾದ ಲೆಕ್ಕದಲ್ಲಿ 5 ಅಂಕ. ಆದರೆ ಫೀಸು ವಿದ್ಯಾರ್ಥಿಯ ಜೇಬಿನದೇ. ಎಲೆಕ್ಟ್ರಿಷಿಯನ್, ಪ್ಲಂಬರ್ ಕೆಲಸವನ್ನು ಸಂಬಳ ಕೊಟ್ಟು ಕಲಿಸುವ ದೇಶವಿದು. ಅದೇ ಅಪ್ರೆಂಟಿಸ್ ಪದ್ಧತಿ ಡೇಟಾ ಕೆಲಸಕ್ಕೂ ಧಾರಾಳವಾಗಿ ಬರಬೇಕು. ಎಸ್‌ಕ್ಯೂಎಲ್, ಪೈಥಾನ್ ಮನೆಯಲ್ಲೇ ಕಲಿಯಬಹುದು. ಆದರೆ ಕೆಲವು ಪಾಠ ಕೆಲಸದಲ್ಲೇ ಸಿಗಬೇಕು. ಉದಾಹರಣೆಗೆ, ಏಪ್ರಿಲ್‌ನ ಮೊದಲ ಭಾನುವಾರ ನಸುಕಿನ 3 ಗಂಟೆಗೆ ಸಿಡ್ನಿ, ಮೆಲ್ಬರ್ನ್‌ಗಳ ಗಡಿಯಾರ ಮತ್ತೆ 2ಕ್ಕೆ ಸರಿಯುತ್ತದೆ. ಸ್ಥಳೀಯ ಸಮಯ ನಂಬಿ 2:30ಕ್ಕೆ ತಾನಾಗಿ ಓಡುವಂತೆ ಇಟ್ಟ ಪ್ರೋಗ್ರಾಂ ಎರಡು ಸಲ ಓಡಿ ಮಾರಾಟದ ಲೆಕ್ಕ ದುಪ್ಪಟ್ಟಾಗಬಹುದು. ಅಕ್ಟೋಬರಿನಲ್ಲಿ ಗಡಿಯಾರ ಮುಂದೆ ಸರಿಯುವ ದಿನ ಆ ಗಂಟೆಯೇ ಇರುವುದಿಲ್ಲ. ವರ್ಷವಿಡೀ ಒಂದೇ ಸಮಯ ನೋಡಿ ಬೆಳೆದವರಿಗೆ ಇದು ತಾನಾಗಿ ಹೊಳೆಯುವುದು ಕಷ್ಟ. ಸಮಯವನ್ನು ಯುಟಿಸಿಯಲ್ಲಿ (ಜಾಗತಿಕ ಸಮಯದಲ್ಲಿ) ಇಡು, ಅದೇ ದಾಖಲೆ ಮತ್ತೆ ಬಂದರೂ ಲೆಕ್ಕ ಕೆಡದಂತೆ ಬರಿ ಎಂದು ಪಕ್ಕದಲ್ಲಿ ಕೂತ ಹಿರಿಯರು ಹೇಳಿಕೊಡಬೇಕು. ಇಂಥದೇ ಇನ್ನೊಂದು ಪಾಠ: ಮೆಲ್ಬರ್ನ್ ಟ್ರಾಮಿನಲ್ಲಿ ಪ್ರಯಾಣದ ಮೈಕಿ ಕಾರ್ಡನ್ನು ಹತ್ತುವಾಗ ಮುಟ್ಟಿಸಿದರೆ ಸಾಕು, ಇಳಿಯುವಾಗ ಬೇಕಿಲ್ಲ. ದಾಖಲೆಯಲ್ಲಿ ಇಳಿದ ಜಾಗದ ಕಾಲಂ ಖಾಲಿಯಿರುವುದು ಕಂಡು ಡೇಟಾ ಕೆಟ್ಟಿದೆಯೆಂದು ಸಾಲುಗಳನ್ನು ಅಳಿಸಿದರೆ ಪ್ರಯಾಣಿಕರೇ ಲೆಕ್ಕದಿಂದ ಮಾಯ! ಇಲ್ಲಿನ ಕಂಪನಿಗಳಲ್ಲಿ ದೊಡ್ಡ ಹುದ್ದೆಯಲ್ಲಿರುವ ಕನ್ನಡಿಗರು ದಯವಿಟ್ಟು ತಮ್ಮ ತಂಡದಲ್ಲಿ ಸಂಬಳ ಸಿಗುವ ಒಂದಾದರೂ ಅಪ್ರೆಂಟಿಸ್ ಜಾಗ ತೆರೆಸಲಿ, ಪದವೀಧರರಿಗೆ ಮಾತ್ರ ಎಂಬ ಷರತ್ತಿಲ್ಲದೆ.