ಬಸುರಿಯ ಕೈಯನ್ನೂ ಒಮ್ಮೆ ವಿಚಾರಿಸಿ

ಮೊಳಕಾಲ್ಮುರು ರೇಷ್ಮೆ ಸೀರೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಿದೆ, ಹೆಸರಿದೆ, ಅಂಗಡಿಯಲ್ಲಿ ಒಳ್ಳೆಯ ಬೆಲೆಯೂ ಇದೆ. ಸೀರೆ ಕೊಳ್ಳಲು ಮಗ್ಗದ ಮನೆಗೇ ಬಂದವರ ಕಣ್ಣು ಹೋಗುವುದು ಲಾಳಿಯ ಓಡಾಟದ ಕಡೆ, ಸೆರಗಿನ ಬಣ್ಣದ ಕಡೆ. ಅದೇ ಮನೆಯ ಗೋಡೆಗೆ ಒರಗಿ ರಾಟೆಯ ಮುಂದೆ ಕೂತ ಹೆಂಗಸು ಅವರಿಗೆ ಕಾಣುವುದು ಕಡಿಮೆ. ಅವಳ ಬಲಗೈ ರಾಟೆ ತಿರುಗಿಸುತ್ತಿರುತ್ತದೆ. ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಜಾರಿದ ಎಳೆ ಕಂಡಿಕೆಗೆ ಸುತ್ತಿಕೊಳ್ಳುತ್ತಿರುತ್ತದೆ. ಎಳೆ ಬಿಗಿಯಾಯಿತೋ, ಸಡಿಲವಾಯಿತೋ, ಇನ್ನೇನು ಕಿತ್ತು ಹೋಗುತ್ತದೋ ಎಂಬುದು ಕಣ್ಣಿಗಿಂತ ಮೊದಲು ಆ ಎರಡು ಬೆರಳಿಗೆ ಗೊತ್ತಾಗುತ್ತದೆ. ಕಿತ್ತ ಎಳೆಯನ್ನು ಮತ್ತೆ ಕೂಡಿಸುವುದೂ ಅವೇ ಬೆರಳು.

ಏಳು ತಿಂಗಳು ತುಂಬಿದ ಮೇಲೆ ಅನೇಕ ಬಸುರಿಯರಿಗೆ ಜೋಮು ಹಿಡಿಯುವುದೂ ಅವೇ ಬೆರಳಿಗೆ.

ಹಗಲು ಅಷ್ಟಾಗಿ ಕಾಡದ್ದು ರಾತ್ರಿ ಎಬ್ಬಿಸುತ್ತದೆ. ಅಂಗೈ ಉರಿ, ಬೆರಳ ತುದಿಯಲ್ಲಿ ಚುಳುಚುಳು, ಕೈ ತನ್ನದೇ ಅಲ್ಲವೇನೋ ಎನ್ನುವಷ್ಟು ಮರಗಟ್ಟುವಿಕೆ. ಎದ್ದು ಕೂತು ಕೈ ಕೊಡವಿದರೆ ಸ್ವಲ್ಪ ವಾಸಿ, ಮಲಗಿದರೆ ಮತ್ತೆ ಶುರು. ಬೆಳಿಗ್ಗೆ ಲೋಟ ಹಿಡಿದರೆ ಜಾರುತ್ತದೆ, ರವಿಕೆಯ ಹುಕ್ಕು ಹಾಕಲು ಬೆರಳು ಬರುವುದಿಲ್ಲ. ಅತ್ತೆಗೋ ತಾಯಿಗೋ ಹೇಳಿದರೆ ಉತ್ತರ ಸಿದ್ಧವಿರುತ್ತದೆ: "ಬಸುರೀಲಿ ಇವೆಲ್ಲ ಇದ್ದದ್ದೇ ಕಣಮ್ಮ. ಮೈಗೆ ನೀರು ಬಂದೈತೆ, ಹೆರಿಗೆ ಆದ್ಮೇಲೆ ಹೋಗ್ತೈತೆ." ಈ ಮಾತು ಮುಕ್ಕಾಲು ಪಾಲು ನಿಜ. ಎಡವಟ್ಟು ಆಗುವುದೂ ಅಲ್ಲಿಯೇ. ತಾನಾಗಿ ಹೋಗುವ ಕಾಯಿಲೆಗೆ ಯಾರೂ ಏನೂ ಮಾಡಬೇಕಿಲ್ಲ ಎಂದು ಮನೆಯವರೂ ಆಸ್ಪತ್ರೆಯವರೂ ಸುಮ್ಮನಾಗುತ್ತಾರೆ. ನಿದ್ದೆಗೆಟ್ಟ ರಾತ್ರಿಗಳು ಅವಳ ಪಾಲಿಗೆ ಉಳಿಯುತ್ತವೆ.

ವೈದ್ಯರು ಇದನ್ನು ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ. ಮಣಿಕಟ್ಟಿನಲ್ಲಿ ಕೆಳಗೆ ಮೂಳೆ, ಅಂಗೈ ಕಡೆಗೆ ಗಟ್ಟಿ ಪಟ್ಟಿ, ಎರಡೂ ಸೇರಿ ಒಂದು ಇಕ್ಕಟ್ಟಾದ ಹಾದಿ ಇದೆ. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ನರವೂ ಅದರೊಳಗೇ ಹಾಯಬೇಕು, ಕೊಳವೆಬಾವಿಯ ಕೇಸಿಂಗ್ ಒಳಗೆ ಪೈಪು, ಕೇಬಲ್ಲು, ಹಗ್ಗ ಒಟ್ಟಿಗೆ ಇಳಿದ ಹಾಗೆ. ಹಾದಿ ಹಿಗ್ಗುವುದಿಲ್ಲ. ತುಂಬು ಗರ್ಭದಲ್ಲಿ ಮೈಯಲ್ಲಿ ನೀರು ನಿಂತು ಒಳಗಿನ ಪೊರೆಗಳು ಊದಿಕೊಂಡಾಗ ನಲುಗುವುದು ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧಭಾಗ ಈ ನರದ ಸರಹದ್ದು. ಕಿರುಬೆರಳಿಗೆ ಹೋಗುವ ನರ ಬೇರೆ, ಹಾಗಾಗಿ ಅದು ಪಾರು. ನಿದ್ದೆಯಲ್ಲಿ ಮಣಿಕಟ್ಟು ಮಡಚಿ ಕೈಯನ್ನು ಕೆನ್ನೆಯಡಿ ಇಟ್ಟುಕೊಂಡರೆ ಒತ್ತಡ ಇನ್ನೂ ಏರುತ್ತದೆ. ರಾತ್ರಿಯ ಕಾಟಕ್ಕೆ ಇದೂ ಒಂದು ಕಾರಣ.

ಎಷ್ಟು ಬಸುರಿಯರಿಗೆ ಇದು ಬರುತ್ತದೆ ಎಂಬ ಅಂದಾಜು ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುತ್ತದೆ. ಲಕ್ಷಣ ಕೇಳಿ ಲೆಕ್ಕ ಹಾಕಿದ ಕಡೆ ಹೆಚ್ಚು, ಯಂತ್ರದಲ್ಲಿ ನರ ಪರೀಕ್ಷಿಸಿದ ಕಡೆ ಕಡಿಮೆ. ಅಪರೂಪದ ಕಾಯಿಲೆಯಂತೂ ಅಲ್ಲ. ಕೇಳಿದರೆ ಸಿಗುತ್ತದೆ, ಕೇಳದಿದ್ದರೆ ಇಲ್ಲ.

ಇನ್ನು ಪಕ್ಕದ ಚಳ್ಳಕೆರೆ. ಬೆರಳಿನ ಕೆಲಸ ಅಲ್ಲೂ ಇದೆ. ಎಣ್ಣೆ ಮಿಲ್ಲು, ಶೇಂಗಾ, ಕಂಬಳಿಯ ಊರು. ಬಿತ್ತನೆಗೆ ಮುಂಚೆ ಬೀಜದ ಶೇಂಗಾ ಸುಲಿಯಬೇಕು. ಯಂತ್ರಕ್ಕೆ ಹಾಕಿದರೆ ಕಾಳು ಒಡೆಯುತ್ತದೆಂದು ಕೈಯಲ್ಲೇ ಸುಲಿಸುವವರು ಈಗಲೂ ಇದ್ದಾರೆ. ಒಂದೊಂದು ಕಾಯಿಗೂ ಹೆಬ್ಬೆರಳು, ತೋರುಬೆರಳು ಸೇರಿ ಒಂದು ಚಿಮುಟು ಹಾಕಬೇಕು, ಬುಟ್ಟಿ ತುಂಬುವ ತನಕ. ಕಂಬಳಿಯ ಮನೆಯಲ್ಲಾದರೆ ಉಣ್ಣೆ ಹಿಂಜಿ ನೂಲುವ ಕೆಲಸ. ಬಸುರಿ ಭಾರ ಎತ್ತಬಾರದು, ಬಿಸಿಲಿಗೆ ಹೋಗಬಾರದು ಎಂದು ಅವಳನ್ನು ಹೊಲದಿಂದ ಬಿಡಿಸಿ ನೆರಳಲ್ಲಿ "ಕೂತು ಮಾಡೋ ಕೆಲಸ" ಕೊಡುತ್ತಾರೆ. ಕಾಳಜಿಯಿಂದಲೇ ಕೊಡುತ್ತಾರೆ. ಆದರೆ ಕಾಯಿ ಸುಲಿಯುವುದು, ನೂಲುವುದು, ಕಂಡಿಕೆ ಸುತ್ತುವುದು ಎಲ್ಲವೂ ಸೊಂಟಕ್ಕೆ ಹಗುರವಾದರೂ ಮಣಿಕಟ್ಟಿಗೆ ಭಾರದ ಕೆಲಸಗಳೇ. ಮೇಲೆ ರೊಟ್ಟಿ ತಟ್ಟುವುದು, ನೀರು ಕುಡಿದ ಬೆಡ್‌ಶೀಟು ಹಿಂಡುವುದು ಇದ್ದೇ ಇವೆ. ಕೈ ಕೆಲಸ ಯಾವ ಮನೆಯಲ್ಲೂ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ.

ಬಸುರಿಗೆ ಕೊಡುವ ತಾಯಿ ಕಾರ್ಡಿನಲ್ಲೂ ಕೈಯ ಜೋಮು ಲೆಕ್ಕಕ್ಕಿಲ್ಲ. ತೂಕ, ರಕ್ತದೊತ್ತಡ, ರಕ್ತದ ಅಂಶ, ಕಬ್ಬಿಣದ ಮಾತ್ರೆ, ಚುಚ್ಚುಮದ್ದು ಎಲ್ಲವೂ ಅದರಲ್ಲಿ ಬರುತ್ತವೆ, ಬರಲೇಬೇಕು. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಲ್ಲಿ ಶುರುವಾದ ಮೇಲೆ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ನಡೆಯುತ್ತದೆ. ಆ ಸಾಲಿನಲ್ಲಿ ನಿಂತವಳನ್ನು "ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗುತ್ತಾ?" ಎಂದು ಕೇಳಲು ಅರ್ಧ ನಿಮಿಷ ಸಾಕು. ಹೌದು ಎಂದರೆ ಇನ್ನೊಂದು ನಿಮಿಷ: ನಮಸ್ಕಾರವನ್ನು ತಲೆಕೆಳಗು ಮಾಡಿದಂತೆ ಎರಡೂ ಅಂಗೈಗಳ ಹಿಂಬದಿಯನ್ನು ಒಂದಕ್ಕೊಂದು ಒತ್ತಿ, ಮಣಿಕಟ್ಟು ಮಡಚಿ ಹಿಡಿದಿರಲು ಹೇಳುವುದು. ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಫೇಲನ್ ಹೆಸರಿನ ಈ ಪರೀಕ್ಷೆಗೆ ಯಂತ್ರ ಬೇಡ, ಕರೆಂಟು ಬೇಡ. ನಿಮಿಷದೊಳಗೆ ಆ ಬೆರಳುಗಳಿಗೆ ಜೋಮು ಬಂದರೆ ಅನುಮಾನ ಗಟ್ಟಿಯಾಯಿತು. ನರದ ಪರೀಕ್ಷೆಗೆಂದು ತುಂಬು ಬಸುರಿಯನ್ನು ಬಳ್ಳಾರಿಗೋ ದಾವಣಗೆರೆಗೋ ಬಸ್ಸಿನಲ್ಲಿ ಅಲೆಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಪರಿಹಾರವೂ ದೊಡ್ಡದಲ್ಲ. ಮಲಗುವಾಗ ಮಣಿಕಟ್ಟು ಮಡಚದಂತೆ ನೇರವಾಗಿ ಹಿಡಿದಿಡುವ ಪಟ್ಟಿ, ಅಂದರೆ ಸ್ಪ್ಲಿಂಟ್. ಬೆಲೆ ಕೆಲವು ನೂರು ರೂಪಾಯಿ. ಅದು ಸಿಗುವ ತನಕ ದಪ್ಪ ರಟ್ಟನ್ನು ಬಟ್ಟೆಯಲ್ಲಿ ಸುತ್ತಿ, ಮಣಿಕಟ್ಟಿನಡಿ ಇಟ್ಟು, ಸಡಿಲವಾಗಿ ಕಟ್ಟಿಕೊಂಡರೂ ನಡೆಯುತ್ತದೆ. ಸಡಿಲವಾಗಿ ಎಂಬುದು ಮುಖ್ಯ. ಬಿಗಿದು ಕಟ್ಟಿದರೆ ಇದ್ದ ತೊಂದರೆಗೆ ಇನ್ನೊಂದು ಸೇರುತ್ತದೆ. ಸೀಮಂತದಲ್ಲಿ ತೊಡಿಸಿದ ಹಸಿರು ಬಳೆಗೂ ಇದೇ ಮಾತು. ಊದಿದ ಕೈಯಲ್ಲಿ ಬಳೆ ಕಚ್ಚಿಕೊಂಡಿದ್ದರೆ ಒಂದೆರಡು ಉಳಿಸಿ ಮಿಕ್ಕವನ್ನು ತೆಗೆಯುವುದರಿಂದ ಯಾವ ಅಪಶಕುನವೂ ಆಗುವುದಿಲ್ಲ. ಉಂಗುರವನ್ನಂತೂ ಮೊದಲೇ ತೆಗೆದಿಡಬೇಕು.

ನೋವು ತಡೆಯದೆ ಮೆಡಿಕಲ್ ಶಾಪಿಗೆ ಹೋಗಿ "ಕೈ ನೋವಿಗೆ ಒಂದು ಮಾತ್ರೆ" ಕೇಳುವ ರೂಢಿಯೇ ಇಲ್ಲಿ ಹೆಚ್ಚು ಅಪಾಯದ್ದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡಕ್ಕೂ ಹೃದಯದ ಬಳಿಯ ರಕ್ತನಾಳಕ್ಕೂ ತೊಂದರೆ ಕೊಡಬಲ್ಲವು. ಬಸುರಿನ 20ನೇ ವಾರದ ನಂತರ ಇವುಗಳನ್ನು ತಪ್ಪಿಸಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿದೆ. ನೀರಿಳಿಸುವ ಮಾತ್ರೆಯನ್ನು ತಾವಾಗಿ ನುಂಗುವುದೂ ಸಲ್ಲ. ಕೆಂಪು ಬಿ-ಕಾಂಪ್ಲೆಕ್ಸ್ ಗುಳಿಗೆಯಿಂದ ಅಪಾಯವಿಲ್ಲ ಅನ್ನಬಹುದು, ಆದರೆ ಬಿ6ನಿಂದ ಈ ಜೋಮು ವಾಸಿಯಾಗುತ್ತದೆ ಎನ್ನಲು ಗಟ್ಟಿ ಆಧಾರವೂ ಇಲ್ಲ. ಪಟ್ಟಿಯಿಂದ ತಗ್ಗದಿದ್ದರೆ ಮಣಿಕಟ್ಟಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುವುದುಂಟು. ಅದನ್ನು ನಿರ್ಧರಿಸಬೇಕಾದವರು ವೈದ್ಯರು.

ಒಂದು ವಿಷಯದಲ್ಲಿ ಮಾತ್ರ "ಇದ್ದದ್ದೇ" ಎನ್ನುವುದು ಜೀವಕ್ಕೇ ಎರವಾದೀತು. ಕೈಯೂತದ ಜೊತೆಗೆ ಮುಖ ಏಕಾಏಕಿ ಊದಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ, ಮೇಲುಹೊಟ್ಟೆ ನೋಯತೊಡಗಿದರೆ ಅದು ಬಸುರಿನ ರಕ್ತದೊತ್ತಡ ಇರಬಹುದು. ಅಂಥ ಹೊತ್ತಲ್ಲಿ 9ನೇ ತಾರೀಕು ಬರಲಿ ಎಂದು ಕಾಯುವಂತಿಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇದ್ದವರಲ್ಲೂ ಈ ಜೋಮು ಹೆಚ್ಚು. ಫ್ಲೋರೈಡ್ ನೀರಿನ ಸೀಮೆಯಾದ್ದರಿಂದ ಇಲ್ಲಿ ಕೈಕಾಲಿನ ಯಾವ ನೋವನ್ನೂ ನೀರಿನ ತಲೆಗೇ ಕಟ್ಟುವುದುಂಟು. ಕಿರುಬೆರಳು ಬಿಟ್ಟು ಮಿಕ್ಕ ಬೆರಳಿಗೆ ಮಾತ್ರ ರಾತ್ರಿ ಹೊತ್ತು ಬರುವ ಜೋಮಿಗೆ ನೀರನ್ನು ದೂರಿ ಕೂತರೆ ಆಗದು.

ವಿಶ್ರಾಂತಿ ಕೊಡಿ ಎಂದು ಬರೆಯುವುದು ಸುಲಭ. ಕಂಡಿಕೆಗೂ ಸುಲಿದ ಕಾಯಿಗೂ ಕೂಲಿ ಸಿಗುವುದು ಮಾಡಿದಷ್ಟಕ್ಕೆ. ಮಗ್ಗದ ಮನೆಯಲ್ಲಿ ಹೆಂಗಸಿನ ಕೂಲಿ ಎಷ್ಟೋ ಸಲ ಪ್ರತ್ಯೇಕವಾಗಿ ಎಣಿಕೆಗೂ ಬರುವುದಿಲ್ಲ. 2017ರ ಕಾನೂನು ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತಲ್ಲ, ಅದು ರಾಟೆಯ ತನಕ ಬರಲಿಲ್ಲ. ಕೈಗೆ ಬರುವುದು ಮಾತೃವಂದನಾ ಯೋಜನೆಯ ಹಣ: ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಕೊನೆಯ ಮೂರು ತಿಂಗಳ ಕೂಲಿಯ ನಷ್ಟ ಇದರಲ್ಲಿ ತುಂಬುವುದಿಲ್ಲ. ಸೀರೆಗೆ ಮಾನ್ಯತೆ ಕೊಡಿಸಲು ಓಡಾಡಿದ ಸರ್ಕಾರ ಸೀರೆ ನೇಯುವ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸ್ಪ್ಲಿಂಟ್ ಇರಿಸಬಹುದಿತ್ತು. ನೇಕಾರರ ಸಹಕಾರ ಸಂಘಗಳೂ ಈ ಬೇಡಿಕೆ ಇಡಬಹುದು. ಕೈ ನಿಂತರೆ ಮಗ್ಗ ನಿಲ್ಲುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಜೋಮು ಇಳಿಯುತ್ತದೆ. ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ, ಕೂಸಿನ ತಲೆಗೆ ಅಂಗೈ ಕೊಟ್ಟು ಮಣಿಕಟ್ಟು ಮಡಚಿ ಹಾಲು ಕುಡಿಸುವವರಿಗೆ ಅದು ಬಾಧಿಸುವುದೂ ಹೆಚ್ಚು. ಮಡಿಲಿಗೆ ದಿಂಬಿಟ್ಟು ಕೂಸಿನ ಭಾರವನ್ನು ಅದಕ್ಕೆ ಬಿಟ್ಟರೆ ಕೈಗೆ ಬಿಡುವು. ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನು ಹಟ್ಟಿಯಾಚೆ ಇರಿಸುವ ರೂಢಿ ಅಲ್ಲಲ್ಲಿ ಇನ್ನೂ ಉಳಿದಿದೆ. ಹಿಡಿತವಿಲ್ಲದ ಕೈಯಲ್ಲಿ ಒಬ್ಬಳೇ ಕೂಸನ್ನು ಎತ್ತಿ ಇಳಿಸುವ ಪಾಡನ್ನು ಆ ರೂಢಿಯ ಪರ ಮಾತಾಡುವವರು ಕೊಂಚ ಯೋಚಿಸಲಿ. ಕೂಸಿಗೆ ಲಸಿಕೆ ಹಾಕಿಸಲು ತಾಯಿ 6, 10, 14ನೇ ವಾರದಲ್ಲಿ ಹೇಗೂ ಬರುತ್ತಾಳೆ. ಸೂಜಿ ಹಾಕಿಸಿಕೊಂಡು ಕೂಸು ಅಳುವಾಗ ನರ್ಸ್ ತಾಯಿಯ ಹೆಬ್ಬೆರಳ ಬುಡ ನೋಡಬೇಕು. ಅಲ್ಲಿಯ ಮಾಂಸ ಇಳಿದು ಚಪ್ಪಟೆಯಾಗಿದ್ದರೆ, ಜೋಮು ಹಗಲೂ ಬಿಡದಿದ್ದರೆ, ನರದ ಪರೀಕ್ಷೆಗೆ ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಡುವ ಹೊತ್ತು ಅದು.